ನೀರಿಲ್ಲದೆ ಉಜ್ಜಿದ ಬಿಲ್ಲೆಗಳು

ನಮ್ಮ ಕಾರ್ಖಾನೆಯ ಬಿಲ್ಲೆಗೆ ಬ್ಯಾಟರಿ ಬೇಡ. ಬೂಟಿನೊಳಗೆ ಇಟ್ಟುಕೊಂಡು ನಡೆದರೆ ಸಾಕು, ಪಾದದ ಒತ್ತಡಕ್ಕೆ ಒಂದಿಷ್ಟು ಕರೆಂಟು ಹುಟ್ಟಿ, ಹೆಜ್ಜೆ ಎಣಿಸುವ ಪುಟ್ಟ ಯಂತ್ರ ಓಡುತ್ತದೆ. ಡಬ್ಬಿಯ ಮೇಲೆ ಹಸಿರೆಲೆಯ ಚಿತ್ರ. ಬಿಲ್ಲೆಗಳನ್ನು ಪರೀಕ್ಷಿಸುವವಳು ನಾನು. ಆ ಎಲೆ ನಂದೇ ಅನ್ನುವಂತೆ ಬೀಗುತ್ತಿದ್ದೆ.

ಅಂಚು ಉಜ್ಜುವ ಮೇಜಿನಲ್ಲಿ ನನ್ನಕ್ಕ. ಮೊದಲೆಲ್ಲ ನಲ್ಲಿ ಬಿಟ್ಟುಕೊಂಡು ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದರು. ಅಷ್ಟೊಂದು ನೀರು ಚರಂಡಿಪಾಲಾಗುವುದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ನೀರಿಲ್ಲದೆ ಉಜ್ಜಿ, ಬ್ರಶ್ಶಿನಿಂದ ಕೊಡವಿದರಾಯಿತಲ್ಲ ಎಂದೆ. ಮಾಲೀಕರು ಎಲ್ಲರೆದುರು ಬೆನ್ನು ತಟ್ಟಿದರು. ಒಂದು ವಾರ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಇವತ್ತು ತಪಾಸಣೆ. ಅದಕ್ಕೆ ಬೇಕಾದ ಕಾಗದಗಳನ್ನು ಜೋಡಿಸುತ್ತ, ಬೆಳಿಗ್ಗೆ ಒಂಬತ್ತಕ್ಕೆ, ಕಚ್ಚಾ ಬಿಲ್ಲೆ ಪೂರೈಸುವವರ ವಿವರಪಟ್ಟಿಯನ್ನು ಮೊದಲ ಸಲ ಓದಿದೆ. ಬಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಪುಡಿ ಉಸಿರಿನೊಳಗೆ ಹೋಗಬಾರದು, ಅದು ಹಾರದಂತೆ ನೀರು ಹಾಕಿಯೇ ಉಜ್ಜಬೇಕು, ಬಸುರಿಯರು ಹತ್ತಿರವೂ ಸುಳಿಯಬಾರದು. ಅಕ್ಕನಿಗೆ ಐದು ತಿಂಗಳು.

ಆ ಪಟ್ಟಿ ಹಿಡಿದು ಮಾಲೀಕರ ಕೋಣೆಗೆ ಓಡಿದೆ.

"ಈಗ ಬಾಯಿ ಬಿಟ್ರೆ ಮೇಜಿಗೆ ಬೀಗ. ಹನ್ನೆರಡು ಜನ ಮನೆಗೆ, ನಿಮ್ಮಕ್ಕನೂ ಸೇರಿ," ಅಂದರು. "ತಪಾಸಣೆಯವ್ರು ಗೇಟಿಗೆ ಬಂದ ತಕ್ಷಣ ನಲ್ಲಿ ಬಿಡಿಸು. ನಾಳೆಯಿಂದ ಎಲ್ಲ ಸರಿ ಮಾಡೋಣ."

ಭಾವನಿಗೆ ಕೆಲಸವಿಲ್ಲ. ಅಕ್ಕನ ಸಂಬಳದಲ್ಲೇ ಮನೆ ನಡೆಯಬೇಕು. ಬಾಯಿ ಮುಚ್ಚಿಕೊಂಡು ನನ್ನ ಜಾಗಕ್ಕೆ ಬಂದು ಕೂತೆ. ಗಾಜಿನಾಚೆ ಅಕ್ಕ ಉಜ್ಜುತ್ತಲೇ ಇದ್ದಳು. ಹುಬ್ಬಿನ ಮೇಲೆಲ್ಲ ಮಾಸಲು ಹಳದಿ ಪುಡಿ.

"ಯಾಕೇ, ಹರಳೆಣ್ಣೆ ಕುಡಿದೋಳ ಥರ ಕೂತಿದೀಯ?" ಎಂದು ಅಲ್ಲಿಂದಲೇ ಕೂಗಿ ನಕ್ಕಳು.

ಹತ್ತಾಯಿತು, ಹನ್ನೊಂದಾಯಿತು. ತಪಾಸಣೆಯವರೇ ಕಂಡುಹಿಡಿಯಲಿ, ನನ್ನ ಬಾಯಿಂದ ಬರುವುದು ಬೇಡ ಎಂದು ಕಾದೆ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಹನ್ನೆರಡಕ್ಕೆ ತಪಾಸಣೆಯ ಹೆಂಗಸು ಒಳಗೆ ಬಂದಾಗ, ನಾನೇ ಬಿಡಿಸಿದ್ದ ನಲ್ಲಿ ಧಾರಾಳವಾಗಿ ಸುರಿಯುತ್ತಿತ್ತು.

"ಯಾವಾಗ್ಲೂ ನೀರು ಹಾಕೇ ಉಜ್ತೀರಾ?" ಎಂದು ಅಕ್ಕನನ್ನು ಕೇಳಿದರು.

ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು. "ಹೂಂ ಮೇಡಂ. ಪರೀಕ್ಷೆ ಮಾಡೋದು ನನ್ನ ತಂಗೀನೇ. ಅವಳಿರೋವಾಗ ತಪ್ಪಾಗೋದುಂಟಾ?"

ಆ ಹೆಂಗಸು ಪೆನ್ನು ತೆಗೆದರು. ಅವರ ಹಿಂದೆ ನಿಂತಿದ್ದ ಮಾಲೀಕರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಸುಳ್ಳು," ಅಂದೆ. "ಏಳು ತಿಂಗಳಿಂದ ನೀರಿಲ್ದೇ ಉಜ್ತಿದಾರೆ. ಉಪಾಯ ನಂದೇ. ಅಕ್ಕಾ, ಆ ಪುಡೀಲಿರೋದು ಸೀಸ. ಮಗೂಗೆ ಒಳ್ಳೇದಲ್ಲ. ಎದ್ದು ಹೊರಗೆ ಬಾ."

ಅಕ್ಕ ನಲ್ಲಿ ನಿಲ್ಲಿಸಿದಳು. ಕೈ ತಾನಾಗಿ ಹೊಟ್ಟೆಯ ಕಡೆ ಹೋಯಿತು. ಬೆರಳಿಗೆ ಮೆತ್ತಿದ್ದ ಒದ್ದೆ ಪುಡಿ ಕಂಡು ಅರ್ಧಕ್ಕೇ ತಡೆದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ಬೆಳಿಗ್ಗೆ. ಒಂಬತ್ತಕ್ಕೆ."

ಅವಳು ಗೋಡೆ ಗಡಿಯಾರ ನೋಡಿದಳು. ಹನ್ನೆರಡೂ ಕಾಲು.

"ಮೂರು ಗಂಟೆ," ಅಂದಳು. "ಮೂರು ಗಂಟೆ ನಾನು ಉಜ್ತಾ ಇದ್ದೆ, ನೀನು ನೋಡ್ತಾ ಇದ್ದೆ."