ಮುಟ್ಟದೆ ಬಿದ್ದ ಗೇರು

ವೆಂಡ್ಲಾ ಕೊಸ್ಕಿ ಮಾಡಿದ ಗೇರು ಎಷ್ಟು ಚುರುಕೆಂದರೆ, ಓಡಿಸುವವನಿಗೆ ಗೇರು ಬದಲಿಸುವ ಯೋಚನೆ ಹುಟ್ಟುವ ಮೊದಲೇ ಅದು ಬದಲಾಗಿ, ಎರಡು ಸಲ ಆಕಳಿಸಿ, ಅವನಿಗಾಗಿ ಕಾಯುತ್ತ ಕೂತಿರುತ್ತಿತ್ತು. ಮಿಶಿಗನ್ನಿನ ಆ ಮೈದಾನದಲ್ಲಿ ತಾವೇ ಕಟ್ಟಿದ ರೇಸ್ ಕಾರುಗಳೊಂದಿಗೆ ನೆರೆದಿದ್ದ ಕಾಲೇಜುಗಳಿಗೆಲ್ಲ ಬೆಳಗಿನಿಂದ ಅವಳು ಸಾರಿದ್ದು ಇದನ್ನೇ. ಸ್ಟಿಯರಿಂಗಿನ ಹಿಂದೆ, ಬೆರಳಿಗೆ ಸಿಗುವಂತೆ ಎರಡು ಪುಟ್ಟ ಪಟ್ಟಿ, ಅವೇ ಪ್ಯಾಡಲ್. ಬಲಗಡೆಯದನ್ನು ಎಳೆದರೆ ಮೇಲಿನ ಗೇರು, ಎಡಗಡೆಯದನ್ನು ಎಳೆದರೆ ಕೆಳಗಿನದು. ಬೆರಳಿನ ಸನ್ನೆಯನ್ನು ತಂತಿ ಒಯ್ಯುತ್ತದೆ, ಸಿಲಿಂಡರಿನ ಗಾಳಿ ಗೇರನ್ನು ತಳ್ಳುತ್ತದೆ.

ಅಭ್ಯಾಸದ ಸುತ್ತು ಮುಗಿಸಿ ಬಂದ, ಅವಳ ತಂಡದ ಕಾರು ಓಡಿಸುವ ಡ್ಯಾರೆಲ್‌ನ ಮುಖದ ಮೇಲೆ ಪ್ಯಾನ್‌ಕೇಕ್ ಬೇಯಿಸಬಹುದಿತ್ತು. ಹೆಲ್ಮೆಟ್ ಎಸೆದೇಬಿಟ್ಟ.

"ನಾನು ಮುಟ್ಟೇ ಇಲ್ಲ ಕಣೇ! ತಿರುವಿನಲ್ಲಿ ತಾನಾಗೇ ಕೆಳಗಿನ ಗೇರಿಗೆ ಬಿತ್ತು. ಕಾರು ಬುಗುರಿ ಥರ ತಿರುಗಿಬಿಡ್ತು!"

"ನಿಂದು ಕೈಯೋ ಹಿಮ ಎತ್ತೋ ಸಲಿಕೆಯೋ? ತಗುಲಿಸಿರ್ತೀಯ. ಸಾವಿರ ಸಲ ಪರೀಕ್ಷೆ ಮಾಡಿದೀನಿ!"

"ಕಿತ್ತು ಬಿಸಾಕ್ತೀನಿ ಇದನ್ನ. ಮಧ್ಯಾಹ್ನದ ಓಟಕ್ಕೆ ಹಳೇ ಕೈಗೇರು ಸಾಕು."

ವೆಂಡ್ಲಾಳ ರಕ್ತ ಎಂಜಿನ್ನಿಗಿಂತ ಜೋರಾಗಿ ಕುದಿಯಿತು. ಸೂರಿನ ಮೇಲೆ ಇನ್ನೊಂದು ಸೂರಿನಷ್ಟು ಹಿಮ ಬಿದ್ದ ಚಳಿಗಾಲವನ್ನೆಲ್ಲ ಆ ಪ್ಯಾಡಲ್‌ಗಳಿಗೇ ಸುರಿದಿದ್ದಳು. "ಮುಟ್ಟು ನೋಡೋಣ! ಈ ಸ್ಪ್ಯಾನರ್ ನಿನ್ನ ತಲೆ ಮೇಲಿರುತ್ತೆ."

ಡ್ಯಾರೆಲ್ ಕಾರಿನ ಹಿಂದಿನ ಚಕ್ರಗಳನ್ನು ಸ್ಟ್ಯಾಂಡಿನ ಮೇಲೇರಿಸಿ, ಒಳಗೆ ಕೂತು, ಮೂರನೇ ಗೇರಿಗೆ ಹಾಕಿದ. ಆಮೇಲೆ ಪೊಲೀಸರ ಮುಂದೆ ನಿಂತ ಕಳ್ಳನಂತೆ ಎರಡೂ ಕೈ ಮೇಲೆತ್ತಿ, ಆಕ್ಸಿಲರೇಟರ್ ಒತ್ತಿದ. ಎಂಜಿನ್ ಕಿರುಚಿತು.

ಟಕ್. ಎರಡು.

ಟಕ್. ಒಂದು.

"ಈಗ್ಹೇಳು, ಸಲಿಕೆ ಎಲ್ಲಿ?"

"ಪ್ಯಾಡಲ್ ಗಾಳಿಗೆ ಅಲುಗಾಡಿರುತ್ತೆ..." ಎನ್ನುತ್ತಲೇ ಅವಳ ಕಣ್ಣು ತಂತಿಯ ಮೇಲೆ ಬಿತ್ತು. ಎಡ ಪ್ಯಾಡಲ್‌ನ ಸಣ್ಣ ತಂತಿ ಸ್ಪಾರ್ಕ್ ಪ್ಲಗ್‌ನ ದಪ್ಪ ತಂತಿಗೆ ಜಡೆಯಂತೆ ಹೆಣೆದುಕೊಂಡು ಬಿಗಿಯಾಗಿ ಕೂತಿತ್ತು. ಕಿಡಿ ಹಾರಿದಾಗಲೆಲ್ಲ ಸಣ್ಣ ತಂತಿಗೆ ಸುಳ್ಳು ಸನ್ನೆ ನುಗ್ಗುತ್ತಿತ್ತು. ಸಿಟ್ಟು ಹಿಂದಿರುಗಿ ಅವಳ ಕೆನ್ನೆಗೇ ಬಾರಿಸಿತು.

"ಕಟರ್ ಕೊಡು. ಬೇರೆ ದಾರೀಲಿ ಎಳೀತೀನಿ."

ಡ್ಯಾರೆಲ್ ಕೊಡಲಿಲ್ಲ. "ನಿಜ ಹೇಳಿದ್ರೆ ಪ್ಯಾಡಲ್ ಉಳಿಯುತ್ತೆ. ಯಾರು ಕಟ್ಟಿದ್ದು ಹೀಗೆ?"

"ನಾನೇ. ನಿನ್ನೆ. ವಿನ್ಯಾಸ ನೋಡೋ ತೀರ್ಪುಗಾರರಿಗೆ ಅಚ್ಚುಕಟ್ಟಾಗಿ ಕಾಣ್ಲಿ ಅಂತ."

"ಕಟ್ಟಿದ್ಮೇಲೆ ಎಂಜಿನ್ ಶುರು ಮಾಡಿ ನೋಡಿದ್ಯಾ? ಸಾವಿರ ಸಲ?"

"ಒಂದ್ಸಲಾನೂ ಇಲ್ಲ ಮಾರಾಯ," ಎಂದಳು ವೆಂಡ್ಲಾ, ಕಟರ್‌ಗೆ ಕೈ ಚಾಚಿಕೊಂಡೇ.