ಡೇಲ್‌ನ ಚಕ್ರ

"ಅದನ್ನ ಇಳಿಸ್ತೀಯೋ ಇಲ್ವೋ?" ಏಣಿಯ ಬುಡದಿಂದ ಓಟಿಸ್ ಮತ್ತೆ ಕೇಳಿದ.

"ಇಲ್ಲ." ಕಿಟಕಿಯ ಮೇಲ್ಗಡೆ ಗೋಡೆಗೆ ಅಚ್ಚಿನಿಂದ ತೂಗುಹಾಕಿದ್ದ ಸೈಕಲ್ ಚಕ್ರದ ಧೂಳನ್ನು ಆರ್ಲೆಟ್ ತೋಳಿನಿಂದಲೇ ಒರೆಸಿದಳು.

"ತಾಯೀ, ಈ ಹಡಗು ಕಟ್ಟೋ ನಮ್ಮ ಗುಂಪಿಗೆ ಇರೋದೇ ಒಂದು ನಿಯಮ. ಕೆಲ್ಸ ಮಾಡದ ಚಕ್ರ ಗೋಡೆ ಮೇಲೆ ಇರಬಾರದು. ಬಂದೋರು ನಗ್ತಾರೆ."

"ನಗಲಿ ಬಿಡು. ಡೇಲ್ ಸೈಕಲ್ಲಿಂದು."

ಆರ್ಲೆಟ್‌ಳ ಗಂಡ ಡೇಲ್ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಹಬೆಯಂತ್ರಗಳ ಕಾಲ ಮುಗಿಯದೇ ಹೋಗಿದ್ದರೆ ಆಕಾಶದಲ್ಲಿ ತೇಲುವ ಹಡಗಿನ ಪಡಸಾಲೆ ಹೇಗಿರುತ್ತಿತ್ತು? ಅದನ್ನು ಊರಿನ ಗ್ರಂಥಾಲಯದ ಮಹಡಿಯಲ್ಲಿ ಕಟ್ಟಿ ತೋರಿಸಬೇಕೆಂಬುದು ಅವನ ಹುಚ್ಚು. ಆ ಹುಚ್ಚು ಈಗ ಹೆಂಡತಿಗೂ ಗೆಳೆಯನಿಗೂ ಅಂಟಿತ್ತು.

ದುಡ್ಡಿರಲಿಲ್ಲ. ಹಾಗಾಗಿ ಸೋಫಾ ಚರ್ಚಿನ ಹಳೇ ಸಾಮಾನಿನಿಂದ ಬಂತು, ಅಡುಗೆಮನೆಯ ಜರಡಿಗಳು ದೀಪದ ಗೂಡುಗಳಾದವು, ಹಾಲಿನ ಕ್ಯಾನು ಬಾಯ್ಲರ್ ಆಯಿತು. ಅದರ ಹೊಟ್ಟೆಯಲ್ಲಿ ಎರಡು ವಿದ್ಯುತ್ ಕೆಟಲ್‌ಗಳು ಕುದಿಯುತ್ತಿದ್ದವು. ದಿನಸಿ ಅಂಗಡಿಯ ಕಂದು ಚೀಲಗಳನ್ನು ಬಿಡಿಸಿ, ಮೈದಾ ಅಂಟಿನಿಂದ ಗೋಡೆಗೆಲ್ಲ ಮೆತ್ತಿದ್ದರು. ಕಿಟಕಿಯಾಚೆ ಗೊಬ್ಬರದಂಗಡಿಯ ಲಾರಿಗಳು ಸಾಲಾಗಿ ನಿಲ್ಲುತ್ತಿದ್ದವು. ಹಡಗಿನಿಂದ ಲಾರಿ ಕಂಡರೆ ಹೇಗೆಂದು ಹಳೇ ಹಾಸುಬಟ್ಟೆಗೂ ಅದೇ ಕಾಗದ ಮೆತ್ತಿ, ಅದೇ ಅಂಟಿನಿಂದ ಕಿಟಕಿಗೆ ಅಂಟಿಸಿ ಮರೆಮಾಡಿದ್ದರು.

"ಓಟಿಸ್, ನಿನ್ನ ಮೀಸೇಗೂ ತಾಮ್ರದ ಬಣ್ಣ ಹತ್ತಿದೆ."

"ಇರಲಿ ಬಿಡು. ಈಗಲಾದ್ರೂ ನನ್ ಹೆಂಡ್ತಿ ಜೂನ್ ನಂಗೆ ಬೆಲೆ ಕಟ್ತಾಳೆ."

ಆರ್ಲೆಟ್ ನಕ್ಕಳು. ಆ ಸದ್ದಿಗೆ ಅವಳೇ ಬೆಚ್ಚಿದಳು.

ಮೂರು ಗಂಟೆಗೆ ಗ್ರಂಥಾಲಯ ಮಂಡಳಿಯ ಅಧ್ಯಕ್ಷೆ ಮಿಸೆಸ್ ಟೋಲೆಫ್ಸನ್ ಬರುವವರಿದ್ದರು. ಆಕೆ ತಲೆಯಾಡಿಸದಿದ್ದರೆ, ಸೋಮವಾರದಿಂದ ಈ ಕೋಣೆ ಮಡಚುವ ಕುರ್ಚಿಗಳ ಉಗ್ರಾಣ.

ಆಕೆ ಬಂದರು. ಟೊಪ್ಪಿ ತೆಗೆಯದೆ ಕಿಟಕಿ ಪಕ್ಕದ ಸೋಫಾದ ತುದಿಯಲ್ಲಿ ಕೂತರು. "ಇದೆಲ್ಲ ಏನಕ್ಕಪ್ಪ?"

ಓಟಿಸ್‌ಗೆ ಎಲ್ಲಿಲ್ಲದ ಉಮೇದು. ಉತ್ತರ ಕೊಡುವ ಬದಲು ಮೂರನೆಯ ಕೆಟಲನ್ನೂ ಬಾಯ್ಲರ್‌ಗೆ ಇಳಿಸಿದ. ಹಬೆ ಭುಸ್ಸೆಂದು ಎದ್ದು ಕೋಣೆಯನ್ನು ತುಂಬಿತು. ಮೈದಾ ಅಂಟಿಗೆ ಹಬೆ ಆಗಿಬರದೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಗೋಡೆಯ ಕಾಗದದ ಮೂಲೆಗಳು ಮೆಲ್ಲಗೆ ಬಿಟ್ಟುಕೊಂಡು ಸುರುಳಿಯಾದವು. ಆಮೇಲೆ ಕಿಟಕಿಯ ಹಾಸುಬಟ್ಟೆ ಒಮ್ಮೆಲೇ ಕಳಚಿ ಮಿಸೆಸ್ ಟೋಲೆಫ್ಸನ್‌ರ ಟೊಪ್ಪಿಯ ಮೇಲೆ ಬಿತ್ತು.

ಆಕೆ ಬಟ್ಟೆಯನ್ನು ಸರಿಸಿ ತಲೆಯೆತ್ತಿದರು. ಕಿಟಕಿಯ ಗಾಜಿನ ತುಂಬ ಹಬೆ ಕಟ್ಟಿತ್ತು. ಲಾರಿಗಳಿಲ್ಲ, ಅಂಗಡಿಯಿಲ್ಲ. ಬರೀ ಬಿಳುಪು, ಅದರೊಳಗೆ ಬಿಸಿಲು.

"ಅಯ್ಯೋ," ಎಂದರು ಆಕೆ. "ಮೋಡದೊಳಗೆ ಬಂದ್ವಾ?"

"ಹೌದಮ್ಮ," ಎಂದ ಓಟಿಸ್. "ಎರಡು ಸಾವಿರ ಅಡಿ."

"ಆ ಪರದೆ ಮೇಲೆ ಹೋಗಿ ಇನ್ನೊಂದ್ಸಲ ಬೀಳಲಿ ನೋಡೋಣ. ಈ ಸಲ ನನ್ನ ತಲೆ ಮೇಲೆ ಬೇಡ."

ಓಟಿಸ್ ಆರ್ಲೆಟ್‌ಳ ಮುಖ ನೋಡಿದ. ಅವಳು ಹುರಿಯ ಉಂಡೆ ಎತ್ತಿಕೊಂಡು ಒಂದು ತುದಿಯನ್ನು ಹಾಸುಬಟ್ಟೆಗೆ ಬಿಗಿದಳು. ಏಣಿ ಹತ್ತಿ, ಇನ್ನೊಂದು ತುದಿಯನ್ನು ಟೈರಿಲ್ಲದ ಚಕ್ರದಂಚಿನ ತೋಡಿಗೆ ಕಟ್ಟಿದಳು. ಒಂದು ಕ್ಷಣ ಅವಳ ಕೈ ಅಲ್ಲೇ ನಿಂತಿತು. ಆಮೇಲೆ ತಿರುಗಿಸಿದಳು.

ಟಕ್, ಟಕ್, ಟಕ್. ಡೇಲ್ ಎಂದೋ ಕಡ್ಡಿಗಳ ನಡುವೆ ಸಿಕ್ಕಿಸಿದ್ದ ಇಸ್ಪೀಟು ಎಲೆ ಇನ್ನೂ ಅಲ್ಲೇ ಇದ್ದು, ಗೋಡೆಗೆ ಬಡಿಯುತ್ತಿತ್ತು. ಹುರಿ ತೋಡಿಗೆ ಸುತ್ತಿಕೊಂಡಿತು, ಪರದೆ ಏರಿತು, ಮೋಡ ಮರೆಯಾಯಿತು. ಹಿಂದಕ್ಕೆ ತಿರುಗಿಸಿದಾಗ ಮೋಡ ಮತ್ತೆ ಬಂತು.

"ಕುರ್ಚಿಗಳು ನೆಲಮಾಳಿಗೇಲೇ ಕೊಳೀಲಿ," ಎಂದರು ಮಿಸೆಸ್ ಟೋಲೆಫ್ಸನ್. ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಸೋಫಾಕ್ಕೆ ಒರಗಿದರು. "ಏ ಹುಡುಗಿ, ನಿಲ್ಲಿಸ್ಬೇಡ. ಇನ್ನೂ ಸ್ವಲ್ಪ ಮೇಲಕ್ಕೆ ಹೋಗಲಿ."

ಓಟಿಸ್ ಇನ್ನೊಂದು ಕೆಟಲಿಗೆ ನೀರು ತರಲು ಓಡಿದ. ಏಣಿಯ ಮೇಲೆ ಆರ್ಲೆಟ್ ಚಕ್ರ ತಿರುಗಿಸುತ್ತಲೇ ಇದ್ದಳು. ಕಡ್ಡಿಗಳ ನೆರಳು ಅವಳ ಮುಖದ ಮೇಲೆ ಒಂದೊಂದಾಗಿ ಹಾದುಹೋಗುತ್ತಿತ್ತು.