ವಾರಕ್ಕೊಂದು ಸೊನ್ನೆ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಹಳೆಯ ಮಾರುಕಟ್ಟೆ ಕಟ್ಟಡದ ಮೂಲೆಗಂಬದ ಮುಂದೆ ನಿಂತು ಅಳತೆಯ ಇಂಜಿನಿಯರ್ ತನ್ನ ಪುಸ್ತಕದಲ್ಲಿ ಸೊನ್ನೆ ಎಂದು ಬರೆದಳು. ಇದು ಆರನೇ ವಾರದ ಆರನೇ ಸೊನ್ನೆ.

ಮನೆಯಲ್ಲಿ ಅವಳಿಗೆ ಸ್ಕೇಲು ಎಂದು ಹೆಸರು. ಚಿಕ್ಕಂದಿನಲ್ಲಿ ಹಾಸಿಗೆಯನ್ನು ಗೇಣು ಹಾಕಿ ಅರ್ಧ ಮಾಡಿಕೊಂಡ ಮೇಲೆಯೇ ಮಲಗುತ್ತಿದ್ದಳೆಂದು ಅಕ್ಕ ಇಟ್ಟದ್ದು. ಹೆಸರಿಗೆ ತಕ್ಕ ಕೆಲಸವೇ ಸಿಕ್ಕಿತ್ತು. ರಾಜ್ಯ ಸರ್ಕಾರವೂ ನಾಲ್ಕು ಊರಿನ ಪುರಸಭೆಗಳೂ ಪಾಲುದಾರರಾಗಿ, ಬಣಗುಡುತ್ತಿದ್ದ ಪೇಟೆಗಳಿಗೆ ಜೀವ ತುಂಬಲು ಹೊರಟಿದ್ದವು. ಈ ಊರಿನ ಯೋಜನಾಧಿಕಾರಿ ಅಕ್ಕನ ಗಂಡ. ಕಟ್ಟಡಕ್ಕೆ ಹೊಸ ಬಣ್ಣ ಬಳಿದಿದ್ದರು, ಮುಂದೆ ಹೊಸ ಕಲ್ಲು ಹಾಸಿದ್ದರು, ಪಕ್ಕದಲ್ಲಿ ನೆಲದಡಿಯ ಪಾರ್ಕಿಂಗಿಗೆಂದು ಮೂರಾಳುದ್ದದ ಗುಂಡಿ ತೋಡುತ್ತಿದ್ದರು. ಹನ್ನೊಂದು ಗಂಟೆಗೆ ಬಂಡವಾಳ ಹೂಡುವವರು ಅರವತ್ತು ಮಂದಿ ಬಂದು, ಮಹಡಿಯ ಮೊಗಸಾಲೆಯಲ್ಲಿ ನಿಂತು ಪೇಟೆಯನ್ನು ನೋಡುವವರಿದ್ದರು. ಆ ಮೊಗಸಾಲೆಯ ಭಾರವೆಲ್ಲ ಈ ಕಂಬದ ಮೇಲೆ. ಕಂಬದಲ್ಲಿ ಹಳೆಯದೊಂದು ಬಿರುಕು.

ಬಿರುಕಿನ ಎರಡು ದಡಕ್ಕೂ ಅವಳು ಒಂದೊಂದು ಪಾರದರ್ಶಕ ಪಟ್ಟಿ ಅಂಟಿಸಿದ್ದಳು. ಒಂದರ ಮೇಲೆ ಕೆಂಪು ಗೆರೆ, ಇನ್ನೊಂದರ ಮೇಲೆ ಮಿಲಿಮೀಟರಿನ ಮನೆಗಳು. ಕಂಬ ಅಲುಗಿದರೆ ಗೆರೆ ಮನೆ ಬಿಟ್ಟು ಸರಿಯಬೇಕು. ಸರಿದಿರಲಿಲ್ಲ.

"ಲೇ ಸ್ಕೇಲು, ಬಂದ್ಯೇನೇ?" ಪಕ್ಕದ ಹೊಲಿಗೆ ಅಂಗಡಿಯ ಶಟರಿನ ಕೆಳಗಿನಿಂದ ಅಕ್ಕನ ದನಿ ಬಂತು. "ಇದನ್ನ ಸ್ವಲ್ಪ ಎತ್ತು. ಧೂಳು ಬರತ್ತೆ ಅಂತ ಇಳಿಸ್ದೆ. ಈಗ ಜಪ್ಪಯ್ಯ ಅಂದ್ರೂ ಏಳ್ತಿಲ್ಲ."

"ಇಷ್ಟು ಬೇಗ ಯಾಕೆ ಬಂದೆ?"

"ನಿಮ್ ಭಾವನ ಉದ್ಘಾಟನೆ ಫಲಕಕ್ಕೆ ಪರದೆ ಹೊಲಿಬೇಡ್ವೇ? ಊರಿಗೇ ಹೊಸ ಮುಖ ಕೊಡ್ತಾರಂತೆ, ಮುಸುಕು ಮಾತ್ರ ನಾನು ಹೊಲಿಬೇಕು!"

ಸ್ಕೇಲು ನಗುತ್ತಲೇ ಶಟರಿಗೆ ಕೈ ಹಾಕಿದಳು. ಅದು ಮಿಸುಕಲಿಲ್ಲ. ಪಕ್ಕದ ಕಬ್ಬಿಣದ ಹಳಿಯನ್ನು ನೋಡಿದಳು. ಕಂಬಕ್ಕೆ ತಾಗಿದ್ದ ಹಳಿ ಒಳಕ್ಕೆ ಬಾಗಿ ಶಟರನ್ನು ಕಚ್ಚಿ ಹಿಡಿದಿತ್ತು. ಕಂಬ ತಳ್ಳದೆ ಅದು ಬಾಗುವಂತಿರಲಿಲ್ಲ. ಅವಳ ನಗು ಅಲ್ಲಿಗೇ ನಿಂತಿತು.

ಏಣಿಯ ಮೇಲೆ ಕೊನೆಯ ಕೈ ಬಣ್ಣ ಬಳಿಯುತ್ತಿದ್ದ ಪೇಂಟರ್ ಮೇಸ್ತ್ರಿ ಇಳಿದು ಬಂದ. ಕೂದಲು ನರೆತವನು, ಕೆಲಸದಲ್ಲಿ ಅಚ್ಚುಕಟ್ಟು.

"ಮೇಸ್ತ್ರಿ, ಈ ಪಟ್ಟಿಗಳನ್ನ ನೀವು ಮುಟ್ಟಿದ್ರಾ?"

"ಮುಟ್ಟದೆ ಬಣ್ಣ ಹೊಡಿಯೋದು ಹೆಂಗೆ ಮೇಡಂ? ಪ್ರತಿ ಸಲ ತೆಗೆದು, ಗೋಡೆ ನುಣ್ಣಗೆ ಮಾಡಿ, ವಾಪಸ್ ಅಂಟಿಸಿದೀನಿ. ಕೆಂಪು ಗೆರೆ ಸರಿಯಾಗಿ ಸೊನ್ನೆ ಮೇಲೇ ಕೂರಿಸಿದೀನಿ, ಬೇಕಾದ್ರೆ ನೋಡಿ! ಆ ಬಿರುಕೂ ಮತ್ತೆ ಮತ್ತೆ ಬಾಯಿ ಬಿಡ್ತಿತ್ತು. ನಾನೂ ಬಿಡಲಿಲ್ಲ, ಬಿಟ್ಟಾಗೆಲ್ಲ ಮೆತ್ತಿದೆ."

ಗೆರೆ ಸರಿಯದೆ ಇದ್ದದ್ದು ಅದಕ್ಕೇ. ಮೇಸ್ತ್ರಿಯನ್ನು ಬೈಯಲು ಬಾಯಿ ಬರಲಿಲ್ಲ. ಎಂಥ ಗಟ್ಟಿ ಕಂಬವೂ ಬಿಸಿಲಿಗೆ, ಚಳಿಗೆ ಕೂದಲೆಳೆಯಷ್ಟಾದರೂ ಅಲುಗುತ್ತದೆ. ಆರು ವಾರ ಒಂದೇ ಸಮನೆ ಸೊನ್ನೆ ಬಂದಾಗ ಅನುಮಾನ ಪಡಬೇಕಾದವಳು ತಾನು. ಸಮಾಧಾನಪಟ್ಟಿದ್ದಳು. ಭಾವ ಆ ಸೊನ್ನೆಗಳನ್ನು ಪ್ರತಿ ಸಭೆಯಲ್ಲೂ ಓದಿ ಹೇಳಿದ್ದರು.

ಮೊದಲ ದಿನ ಬಿರುಕಿನ ಎರಡು ಬದಿಗೂ ಇಟ್ಟಿಗೆಯೊಳಕ್ಕೆ ಅವಳು ಒಂದೊಂದು ಹಿತ್ತಾಳೆ ಮೊಳೆ ಕೂರಿಸಿದ್ದಳು. ನಡುವೆ ಸರಿಯಾಗಿ ನೂರು ಮಿಲಿಮೀಟರ್. ಬಣ್ಣದಡಿ ಮುಚ್ಚಿಹೋಗಿದ್ದ ಅವನ್ನು ಬ್ಲೇಡಿನಿಂದ ಕೆರೆದು ತೆಗೆದು, ಕ್ಯಾಲಿಪರ್ ಎಂಬ ಅಳತೆಯ ಇಕ್ಕಳ ಹಿಡಿದಳು. ಅದು ಎರಡು ಸಲ ಜಾರಿತು. ಮೂರನೆಯ ಸಲ ಓದಿದಳು: 111.2. ಗಂಟೆ ಎಂಟೂ ಐದು.

ಬಗ್ಗಿ ನೋಡಿದಳು. ಶಟರಿನ ಕೆಳಗೆ ಬಿಟ್ಟಿದ್ದ ಸಂದು ಒಂದು ಗೇಣೂ ಇರಲಿಲ್ಲ. ಹಿಂಬಾಗಿಲನ್ನು ನವೀಕರಣದವರು ಗೋಡೆ ಕಟ್ಟಿ ಮುಚ್ಚಿದ್ದರು. ಉಳಿದ ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ಒಳಗಿದ್ದವಳು ಅಕ್ಕ ಒಬ್ಬಳೇ.

"ಏನೇ, ಮಾತೇ ಇಲ್ಲ?"

"ಅಕ್ಕ, ಮಿಷನ್ ನಿಲ್ಸು. ಆ ಕಂಬದ ಕಡೆಯಿಂದ ಈಚೆ ಬಾ."

ಅಕ್ಕ ಹೊಲಿಗೆ ಬಿಟ್ಟು ಈಚೆ ಸರಿದಳು. ಹೊಲಿಗೆಯ ಸದ್ದು ನಿಂತಾಗಲೇ ಒಳಗಿನ ಇನ್ನೊಂದು ಸದ್ದು ಕೇಳಿಸಿದ್ದು. ಗೋಡೆಯೊಳಗೆ ಮಣ್ಣು ಸರಸರ ಉದುರುತ್ತಿತ್ತು.

ಬಾಗಿದ ಹಳಿಯನ್ನು ಬಡಿದು ಬಿಡಿಸಲು ಮೇಸ್ತ್ರಿ ಸುತ್ತಿಗೆ ತಂದ. ಅವಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದಳು. "ಬೇಡ! ಒಂದೇಟೂ ಬೀಳಕೂಡದು. ನೀವು ಹೋಗಿ ಗುಂಡಿ ತೋಡೋ ಯಂತ್ರ ನಿಲ್ಸಿ, ಓಡಿ!"

ಅಷ್ಟರಲ್ಲಿ ಭಾವ ಬಂದರು. ಹೊಸ ಸೂಟು, ಕೈಯಲ್ಲಿ ಭಾಷಣದ ಹಾಳೆ. "ಯಂತ್ರ ಯಾಕೆ ನಿಲ್ಸಿದ್ರು? ಕೆಲಸ ನಡೀತಿರೋದು ಅವರಿಗೆ ಕಾಣಬೇಕು ಕಣಮ್ಮ. ಏನಿದ್ರೂ ಮಧ್ಯಾಹ್ನ ನೋಡೋಣ, ಇವತ್ತೊಂದಿನ—"

"ಭಾವ, ಕಂಬ ಸರೀತಿದೆ. ನಾನು ಕೊಟ್ಟ ಸೊನ್ನೆಗಳೆಲ್ಲ ಸುಳ್ಳು. ಅಕ್ಕ ಒಳಗೆ ಸಿಕ್ಕಿಹಾಕ್ಕೊಂಡಿದಾಳೆ."

ಅವರ ಮುಖ ಬಿಳಿಚಿತು. ಹಾಳೆ ಎಲ್ಲಿ ಬಿತ್ತೋ, ಶಟರಿನ ಮುಂದೆ ಮಂಡಿಯೂರಿದರು.

"ಕಲ್ಲು ಕೀಳಿ," ಎಂದಳು ಸ್ಕೇಲು. ಹೊಸ ಕಲ್ಲುಹಾಸು ಹೊಸ್ತಿಲು ದಾಟಿ ಅಂಗಡಿಯೊಳಗೂ ಹೋಗಿತ್ತು. ಅಡಿಯಲ್ಲಿ ಸಿಮೆಂಟಿಲ್ಲ, ಬರೀ ಮರಳು. ಉದ್ಘಾಟನೆಗೆ ಮುಗಿಯಲೆಂದು ಅವಸರದಲ್ಲಿ ಹಾಸಿದ್ದರು. ಹೊರಗಿನಿಂದ ಭಾವ ಒಂದೊಂದೇ ಕಲ್ಲೆಬ್ಬಿಸಿದರು, ಸ್ಕೇಲು ಮರಳು ಬಾಚಿದಳು, ಒಳಗಿನಿಂದ ಅಕ್ಕ ಕತ್ತರಿಯಲ್ಲಿ ಕೆದಕಿದಳು. ಭಾವನ ಉಗುರಿನ ಸಂದಿಯಿಂದ ರಕ್ತ ಬಂತು.

ತಲೆಯ ಮೇಲೆಲ್ಲೋ ಟಪ್ ಎಂದಿತು. ಹೊಸ ಬಣ್ಣದ ಹಕ್ಕಳೆಯೊಂದು ಭಾವನ ಹೆಗಲ ಮೇಲೆ ಬಿತ್ತು. ಯಾರೂ ತಲೆಯೆತ್ತಿ ನೋಡಲಿಲ್ಲ.

"ನಾನು ದಪ್ಪ ಕಣೇ," ಎಂದಳು ಅಕ್ಕ. ದನಿ ಅಳುವಿನಂತಿತ್ತು. "ಇದರಲ್ಲಿ ಹಿಡಿಯಲ್ಲ."

"ಹಿಡೀತೀಯ. ಮೊದಲು ತಲೆ ಹಾಕು. ಉಸಿರು ಪೂರ್ತಿ ಬಿಡು."

ಮೊದಲು ತಲೆ ಬಂತು, ಆಮೇಲೆ ಹೆಗಲು. ಸೊಂಟ ಸಿಕ್ಕಿಕೊಂಡಿತು. ಒಳಗೆ ಮಣ್ಣುದುರುವ ಸದ್ದು ಜೋರಾಯಿತು. ಭಾವ ಒಂದು ರಟ್ಟೆ, ಸ್ಕೇಲು ಒಂದು ರಟ್ಟೆ ಹಿಡಿದೆಳೆದರು. ಸೀರೆ ಹರಿದು ಅಕ್ಕ ಹೊರಬಿದ್ದಳು. ಮೂವರೂ ಎದ್ದುಬಿದ್ದು ರಸ್ತೆಯಾಚೆ ಓಡಿದರು.

ಅಲ್ಲಿಂದ ಭಾವ ಯೋಜನೆಯ ಮುಖ್ಯ ಕಚೇರಿಗೆ ಫೋನ್ ಮಾಡಿ, ಕಾರ್ಯಕ್ರಮ ರದ್ದು ಮಾಡಿ ಎಂದರು. ಆಚೆಯವರು ಒಪ್ಪಲಿಲ್ಲ. ಅರವತ್ತು ಮಂದಿ ದೂರದ ಹೋಟೆಲಿನಿಂದ ಹೊರಟಾಗಿದೆಯಂತೆ. ಮಹಡಿ ಬೇಡವಾದರೆ ಕೆಳಗಡೆಯೇ ನಿಂತು ನೋಡಬಹುದಲ್ಲವೇ ಎಂದರಂತೆ. ಕಂಬ ಈ ಹೊತ್ತಿಗೂ ಸರಿಯುತ್ತಿದೆ ಎನ್ನುವುದಕ್ಕೆ ಅಳತೆ ಇದೆಯೇ, ಒಂದು ಸಲ ಅಳೆದದ್ದು ಸಾಲದು ಎಂದರಂತೆ.

"ನೀನು ಹೋಗ್ಬೇಡ," ಎಂದು ಅಕ್ಕ ತಂಗಿಯ ರಟ್ಟೆ ಹಿಡಿದುಕೊಂಡಳು.

ಅವಳಿಗೂ ಹೋಗಲು ಮನಸ್ಸಿರಲಿಲ್ಲ. ಆದರೆ ಹಿಂದಿನ ಆರು ಅಂಕಿಗಳನ್ನು ಕೊಟ್ಟವಳು ಅವಳೇ. ಅಕ್ಕನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ರಸ್ತೆ ದಾಟಿದಳು, ಉಸಿರು ಬಿಗಿಹಿಡಿದು ಮೊಳೆಗಳಿಗೆ ಇಕ್ಕಳ ಹಚ್ಚಿದಳು, ಓದಿದಳು, ಹಿಂದಿರುಗಿ ನೋಡದೆ ಓಡಿ ಬಂದಳು.

ಭಾವ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದರು.

"ಬರೆದುಕೊಳ್ಳಿ," ಎಂದಳು. "ಮೊದಲ ದಿನ ನೂರು. ಇವತ್ತು ಎಂಟೂ ಐದಕ್ಕೆ 111.2. ಈಗ ಎಂಟೂ ಐವತ್ತು, 112.6 ಮಿಲಿಮೀಟರ್."